ಅಣ್ಣನ ಮೇಲಿನ ಸಾಲು

ನನ್ನ ಕೆಲಸ ಹಲ್ಲು ಮಾಡುವುದು. ಕೀಳುವುದಲ್ಲ, ತುಂಬುವುದಲ್ಲ, ಅದೆಲ್ಲ ಡಾಕ್ಟರುಗಳ ಪಾಲು. ಅವರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಲ್ಯಾಬಿನಲ್ಲಿ ನನ್ನ ಮೇಜಿನ ಮುಂದೆ ಕುಳಿತು ಆ ಅಚ್ಚಿಗೆ ಹೊಂದುವ ಹಲ್ಲು ಮಾಡಿ, ಡಬ್ಬಿಯಲ್ಲಿಟ್ಟು ಕಳಿಸಿಕೊಡುತ್ತೇನೆ. ಡಬ್ಬಿಯ ಜೊತೆ ಒಂದು ಚೀಟಿ ಬಂದಿರುತ್ತದೆ: ಮೇಲಿನ ಸಾಲು, ಗಂಡಸು, ವಯಸ್ಸು ಇಷ್ಟು, ಬಣ್ಣ ಇಂಥದ್ದು. ಅದಕ್ಕಿಂತ ಹೆಚ್ಚಿನ ಪರಿಚಯ ನಮಗಿರುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಸಾವಿರಾರು ಜನರ ಬಾಯಿಗೆ ಹಲ್ಲು ಕೊಟ್ಟಿದ್ದೇನೆ, ಅವರಲ್ಲಿ ಒಬ್ಬರು ಎದುರಿಗೆ ಬಂದು ನಿಂತರೂ ಗುರುತು ಸಿಗುವುದಿಲ್ಲ.

ನಾನು ಸ್ವಲ್ಪ ಮುಂಗೋಪಿ. ಸುಣ್ಣ ಬಳಿದ ಗೋಡೆಗಿಂತ ಬೆಳ್ಳಗಿನ ಹಲ್ಲು ಬೇಕೆಂದು ಚೀಟಿ ಬಂದರೆ ಮೈ ಉರಿಯುತ್ತದೆ. ಆದರೆ ನನ್ನ ಕೈಯಿಂದ ಹೋದ ಸಾಲು ಸೊಟ್ಟಗಿತ್ತೆಂದು ಇದುವರೆಗೆ ಯಾರೂ ಹೇಳಿಲ್ಲ. ಆ ಜಂಬ ನನಗಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಮುಖ ಮೂತಿ ಗೊತ್ತಿದ್ದು ನಾನು ಹಲ್ಲು ಮಾಡಿಕೊಟ್ಟಿದ್ದು ಒಬ್ಬನಿಗೆ ಮಾತ್ರ, ಒಡಹುಟ್ಟಿದ ಅಣ್ಣನಿಗೆ. ಮುಗ್ಗರಿಸಿದ್ದೂ ಅಲ್ಲೇ.

ಅಣ್ಣ ನಗರದ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಾನೆ. ಇಪ್ಪತ್ತಾರು ವರ್ಷದಿಂದ ಮೊದಲನೇ ಕುರ್ಚಿ ಅವನದು. ಚಳಿಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಪ್ರತಿ ಭಾನುವಾರ ಸಂಜೆ ಪಾರ್ಕಿನ ದುಂಡು ಮಂಟಪದಲ್ಲಿ ಬ್ಯಾಂಡು ನುಡಿಸುತ್ತದೆ. ಜನ ಮಕ್ಕಳನ್ನು ಕಟ್ಟಿಕೊಂಡು ಬಂದು ಹುಲ್ಲಿನ ಮೇಲೆ ಕೂರುತ್ತಾರೆ. ಅಂಚೆ ಕಚೇರಿಯ ಕೆಲಸ ಅವನ ಹೊಟ್ಟೆಪಾಡು, ಆ ಕುರ್ಚಿ ಅವನ ಜೀವ. ಅಪ್ಪ ತೀರಿಕೊಂಡಾಗ ನನಗೆ ಹದಿಮೂರು, ಅವನಿಗೆ ಇಪ್ಪತ್ತು. ನನ್ನನ್ನು ಓದಿಸಿ, ಈ ಹಲ್ಲಿನ ಕೋರ್ಸಿಗೆ ಸೇರಿಸಿ, ಫಾರಂ ತುಂಬಿದ್ದೂ ಅವನೇ. ನಾನು ಅವನಿಗೆ ತಿರುಗಿ ಏನೂ ಕೊಟ್ಟಿರಲಿಲ್ಲ. ಕೊಡಲು ಹೋದರೆ, "ಇಟ್ಕೋ, ನಿನಗೇ ಬೇಕಾಗುತ್ತೆ" ಎನ್ನುತ್ತಿದ್ದ.

ಅಪ್ಪನದೇ ವಸಡು ಅಣ್ಣನಿಗೂ ಬಂದಿತ್ತು. ಹಲ್ಲು ಹುಳುಕಾಗದೆ ಬುಡ ಸಡಿಲವಾಗುವ ಜಾತಿ. ಕ್ಲಾರಿನೆಟ್ಟಿನ ಮೌತ್‌ಪೀಸ್ ಮೇಲೆ ಮುಂದಿನ ಮೇಲ್ಹಲ್ಲು ಊರಿಕೊಂಡೇ ಊದಬೇಕು. ಹಲ್ಲು ಅಲ್ಲಾಡಿದರೆ ಸ್ವರವೂ ಅಲ್ಲಾಡುತ್ತದೆ. ಇದನ್ನು ಅವನು ಎರಡು ವರ್ಷ ಮುಚ್ಚಿಟ್ಟಿದ್ದ. ಮೌತ್‌ಪೀಸ್ ಮೇಲೆ ರಬ್ಬರಿನ ತುಂಡು ಅಂಟಿಸಿಕೊಂಡು, ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿಕೊಂಡು, ನನ್ನೆದುರು ಬಾಯಿ ಮುಚ್ಚಿ ನಗುತ್ತ ದಿನ ತಳ್ಳಿದ. ಮುಚ್ಚಿಟ್ಟಿದ್ದು ಯಾರಿಂದ? ದಿನಕ್ಕೆ ಎಂಟು ಗಂಟೆ ಹಲ್ಲನ್ನೇ ನೋಡುವ ತಂಗಿಯಿಂದ.

ಹೋದ ವರ್ಷ ಚಳಿಗಾಲದ ರಜೆಗೆ ಮುಂಚಿನ ಕೊನೆಯ ಭಾನುವಾರ ಗುಟ್ಟು ರಟ್ಟಾಯಿತು. ನಿಧಾನಗತಿಯ ಒಂದು ಹಾಡಿನ ನಡುವೆ ಅಣ್ಣನೊಬ್ಬನೇ ಊದುವ ಉದ್ದನೆಯ ಭಾಗವಿತ್ತು, ಸೋಲೋ ಎನ್ನುತ್ತಾರೆ ಅದಕ್ಕೆ. ನಾನೂ ಅತ್ತಿಗೆಯೂ ಮೂರನೇ ಸಾಲಿನಲ್ಲಿ ಕುಳಿತಿದ್ದೆವು. ಅರ್ಧದಲ್ಲಿ ಒಂದು ಕ್ಷಣ ದನಿ ಕಡಿಯಿತು. ಅಣ್ಣನ ಕಣ್ಣು ಅಗಲವಾಯಿತು, ಎಡಗೆನ್ನೆ ಸ್ವಲ್ಪ ಉಬ್ಬಿತು. ಮತ್ತೆ ಊದಿದ, ಕೊನೆಯವರೆಗೆ ಊದಿದ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಮಂಟಪದ ಹಿಂದೆ ಬಂದು ಕರವಸ್ತ್ರಕ್ಕೆ ಉಗುಳಿದ. ಎಡಗಡೆಯ ಮುಂದಿನ ಹಲ್ಲು, ಬುಡಸಮೇತ.

"ಯಾಕೆ ಹೇಳಲಿಲ್ಲ?" ಎಂದು ನಾನು ಕಿರುಚಿದ್ದು ಡ್ರಮ್ಮಿನವನಿಗೂ ಕೇಳಿಸಿತು.

"ಹೇಳಿದ್ರೆ ಕೀಳಿಸ್ತೀಯ ಅಂತ ಗೊತ್ತಿತ್ತು," ಎಂದ ಅಣ್ಣ, ಗಾಳಿ ಸೋರುವ ಬಾಯಿಯಲ್ಲಿ.

ಕೀಳಿಸಲೇಬೇಕಾಯಿತು. ನಮ್ಮ ಲ್ಯಾಬಿಗೆ ಕೆಲಸ ಕಳಿಸುವ ಡಾಕ್ಟರಮ್ಮ ಒಬ್ಬರಿದ್ದಾರೆ, ಮಾತು ಕಡಿಮೆ, ಕೈ ಹಗುರ. ಅವರು ಎಕ್ಸ್‌ರೇ ನೋಡಿ ಮೇಲಿನ ಸಾಲಿನಲ್ಲಿ ಒಂದೂ ಉಳಿಯುವುದಿಲ್ಲವೆಂದರು. ತೆಗೆದು ಹಾಕುವ ಸೆಟ್ಟು ಆಗದೇ ಎಂದು ಅತ್ತಿಗೆ ಕೇಳಿದಳು.

"ಮನೇಲಿ ಊಟಕ್ಕಾದ್ರೆ ಆಗುತ್ತೆ. ಇವರು ಕ್ಲಾರಿನೆಟ್ ಕಚ್ಚಿ ಊದಿದ್ರೆ ಸೆಟ್ಟು ಬಾಯಲ್ಲೇ ಕುಣಿಯುತ್ತೆ," ಎಂದರು ಡಾಕ್ಟರಮ್ಮ. "ಮೂಳೆಗೆ ಆರು ಇಂಪ್ಲಾಂಟ್ ಕೂರಿಸೋಣ. ಹಲ್ಲಿನ ಬೇರು ಇದ್ದ ಹಾಗೆ ಅವು. ಮೊದಲು ಪ್ಲಾಸ್ಟಿಕ್ ಸಾಲನ್ನ ಅದಕ್ಕೆ ಸ್ಕ್ರೂ ಹಾಕಿ ಕೂರಿಸ್ತೀನಿ. ನಾಲ್ಕೈದು ತಿಂಗಳಲ್ಲಿ ಮೂಳೆ ಹಿಡ್ಕೊಂಡ ಮೇಲೆ ಸೆರಾಮಿಕ್ಕಿನದ್ದು, ಕಾಯಂ."

"ಊದೋದು?" ಎಂದ ಅಣ್ಣ. ಅವನಿಗೆ ಬೇಕಾಗಿದ್ದ ಪ್ರಶ್ನೆ ಅದೊಂದೇ.

"ಎರಡು ತಿಂಗಳು ಮುಟ್ಟಬೇಡಿ. ಆಮೇಲೆ ನೋಡೋಣ."

ಬ್ಯಾಂಡ್ ಮಾಸ್ಟರಿಗೆ ವಿಷಯ ತಿಳಿಸಲು ನಾನೂ ಜೊತೆಗೆ ಹೋಗಿದ್ದೆ. ಕುಳ್ಳಗಿನ ಮನುಷ್ಯ, ನಗುವುದನ್ನು ಯಾರೂ ನೋಡಿಲ್ಲ. ಎಲ್ಲ ಕೇಳಿಕೊಂಡು, "ಹೊಸ ಹಂಗಾಮಿನ ಮುಂಚೆ ಕೊನೇ ಪ್ರಾಕ್ಟೀಸಿಗೆ ಬನ್ನಿ. ಆ ಸೋಲೋ ಕೇಳ್ತೀನಿ. ಅದು ಸರಿಯಾಗಿ ಬಂದ್ರೆ ಕುರ್ಚಿ ನಿಮ್ಮದು, ಬರದಿದ್ರೆ ಮೀಸೆಯವರದ್ದು. ನಿಮಗೆ ಹಾಡುಗಳ ನೋಟ್ಸಿನ ಕಪಾಟು ನೋಡ್ಕೊಳ್ಳೋ ಕೆಲಸ ಕೊಡ್ತೀನಿ," ಎಂದರು. ಮೀಸೆ ಎಂದರೆ ಎರಡನೇ ಕುರ್ಚಿಯ ಕ್ಲಾರಿನೆಟ್ಟಿನವನು. ಹತ್ತು ವರ್ಷದಿಂದ ಅಣ್ಣನ ಪಕ್ಕದಲ್ಲಿ ಕುಳಿತು ತನ್ನ ಸರದಿಗೆ ಕಾದವನು, ಕೆಟ್ಟವನೇನಲ್ಲ. ಅಣ್ಣ ಮೆಟ್ಟಿಲಿಳಿಯುವಾಗ, "ಕಪಾಟು," ಎಂದು ಒಂದು ಸಲ ಹೇಳಿಕೊಂಡ.

ಅಣ್ಣನ ಬಾಯಿಯ ಅಚ್ಚು ಲ್ಯಾಬಿಗೆ ಬಂದಾಗ ನಾನು ಯಾರಿಗೂ ಮುಟ್ಟಲು ಬಿಡಲಿಲ್ಲ. ಅದರಲ್ಲಿ ನಕಲು ಮಾಡುವಂಥದ್ದೇನೂ ಇರಲಿಲ್ಲ. ಒಂದು ಹಲ್ಲು ಬಿದ್ದೇ ಹೋಗಿತ್ತು, ಉಳಿದವು ಜಾಗ ಬಿಟ್ಟು ದಿಕ್ಕಿಗೊಂದು ತಿರುಗಿ ನಿಂತಿದ್ದವು. ಹೇಗಿರಬೇಕೆಂದು ಅಣ್ಣನನ್ನೇ ಕೇಳಿದೆ.

"ಮೊದಲು ಹೇಗಿತ್ತೋ ಹಾಗೇ ಇರ್ಲಿ ಕಣೇ. ಎಡಗಡೇದು ಒಂಚೂರು ಸೊಟ್ಟ ಇತ್ತಲ್ಲ, ಅದೂ ಹಾಗೇ ಇರ್ಲಿ."

"ಸುಮ್ನಿರಣ್ಣ. ಊರೋರಿಗೆಲ್ಲ ನೆಟ್ಟಗಿರೋ ಹಲ್ಲು ಮಾಡಿಕೊಟ್ಟು ಸ್ವಂತ ಅಣ್ಣನಿಗೆ ಸೊಟ್ಟ ಹಲ್ಲು ಕೂರಿಸಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ!"

ಅವನು ಏನೋ ಹೇಳಲು ಬಾಯಿ ತೆರೆದ. ನಾನು ಹಲ್ಲಿನ ಬಣ್ಣ ಹೊಂದಿಸಿ ನೋಡುವ ಪಟ್ಟಿಯನ್ನು ಅವನ ತುಟಿಗೆ ಹಿಡಿದೆ, ಮಾತು ಅಲ್ಲಿಗೆ ನಿಂತಿತು.

ಹನ್ನೊಂದು ದಿನ ಕುಳಿತು ಆ ಸಾಲು ಮಾಡಿದೆ. ಮುಂದಿನ ಎರಡು ಹಲ್ಲು ಅವಳಿಗಳಂತೆ ಒಂದೇ ಸಮ. ಪಕ್ಕದವು ಒಂದು ಕೂದಲೆಳೆ ಗಿಡ್ಡ. ಅಂಚಿನಲ್ಲಿ ತುಸು ಪಾರದರ್ಶಕ, ಬುಡದಲ್ಲಿ ತುಸು ಹಳದಿ, ಅವನ ವಯಸ್ಸಿಗೆ ಒಪ್ಪುವಂತೆ. ನಮ್ಮ ಲ್ಯಾಬಿನಲ್ಲಿ ಎಲ್ಲ ಕೆಲಸಕ್ಕೂ ಕೊನೆಯ ಹೊಳಪು ಕೊಡುವ ಮುದುಕರೊಬ್ಬರಿದ್ದಾರೆ, ಎಲ್ಲರೂ ಅವರನ್ನು ಪಾಲಿಶ್ ಚಿಕ್ಕಪ್ಪ ಎನ್ನುತ್ತೇವೆ. ಅವರು ಕನ್ನಡಕ ಮೇಲೆತ್ತಿ ನೋಡಿ, "ಇದಕ್ಕೆ ನಾನು ಮಾಡೋದು ಏನೂ ಇಲ್ಲವಲ್ಲಮ್ಮ," ಎಂದರು. ಅವರ ಬಾಯಿಂದ ಆ ಮಾತು ಬರುವುದೆಂದರೆ ಸಾಮಾನ್ಯವಲ್ಲ. ನಾನು ಆ ದಿನ ಮನೆಗೆ ನಡೆದು ಹೋದೆನೋ ತೇಲಿ ಹೋದೆನೋ ನೆನಪಿಲ್ಲ.

ಹಲ್ಲು ಕಿತ್ತು, ಇಂಪ್ಲಾಂಟ್ ಕೂರಿಸಿ, ಮಾರನೇ ದಿನ ಡಾಕ್ಟರಮ್ಮ ಸಾಲನ್ನು ಸ್ಕ್ರೂ ಹಾಕಿ ಬಿಗಿದರು. ಊದಿಕೊಂಡ ಮುಖದಲ್ಲೇ ಅಣ್ಣ ಕನ್ನಡಿ ನೋಡಿಕೊಂಡ. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಬಾವು ಇಳಿದ ಮೇಲೆ ಅವನನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, "ಬಾಯಿ ಬಿಡು," ಎಂದು ಎಲ್ಲರಿಗೂ ತೋರಿಸಿದೆ. ಅವನೂ ಪಾಪ, ದನದ ವ್ಯಾಪಾರಿಯ ಮುಂದೆ ನಿಂತ ಎತ್ತಿನ ಹಾಗೆ ತಿರುಗಿ ತಿರುಗಿ ತೋರಿಸಿದ. ಮದುವೆಯ ಫೋಟೋದಲ್ಲೂ ತುಟಿ ಬಿಗಿದುಕೊಂಡೇ ನಿಂತಿದ್ದವನು ಈಗ ತರಕಾರಿ ಅಂಗಡಿಯಲ್ಲೂ ನಗುತ್ತಿದ್ದಾನೆಂದು ಅತ್ತಿಗೆ ಫೋನಿನಲ್ಲಿ ಹೇಳಿದಾಗ ನನ್ನ ಎದೆ ತುಂಬಿ ಬಂತು.

ಎರಡು ತಿಂಗಳಾದ ಮೇಲೆ ಡಾಕ್ಟರಮ್ಮ ಊದಲು ಬಿಟ್ಟರು. ಅಂದು ಸಂಜೆ ನಾನೂ ಹೋಗಿದ್ದೆ. ಅಣ್ಣ ಕೈತೊಳೆದು, ಒರೆಸಿಕೊಂಡು, ಊದಿದಾಗ ಅದುರಿ ದನಿ ಕೊಡುವ ಹೊಸ ರೀಡ್ ಕಟ್ಟಿ, ಕ್ಲಾರಿನೆಟ್ ತುಟಿಗಿಟ್ಟ. ಬಾಗಿಲ ಸಂದಿಗೆ ಬಾಲ ಸಿಕ್ಕಿಕೊಂಡ ಬೆಕ್ಕಿನ ಕೂಗು ಬಂತು. ನಕ್ಕೆವು. ಮತ್ತೊಮ್ಮೆ ಊದಿದ, ಅದೇ. ಮೂರನೇ ಸಲ ಯಾರೂ ನಗಲಿಲ್ಲ.

"ಅಭ್ಯಾಸ ತಪ್ಪಿದೆ ಅಷ್ಟೇ," ಎಂದೆ ನಾನು.

ಮುಂದಿನ ವಾರ ರೀಡ್ ಸರಿಯಿಲ್ಲವೆಂದೆ. ಅದರ ಮುಂದಿನ ವಾರ ತುಟಿಯ ಬಲ ಕಡಿಮೆಯಾಗಿದೆ ಎಂದೆ, ಉಸಿರು ಸಾಲದೆಂದೆ, ದಿನಾ ಬೆಳಿಗ್ಗೆ ನಡೆಯಲು ಹೇಳಿದೆ. ಹಲ್ಲೊಂದನ್ನು ಬಿಟ್ಟು ಅವನ ಮೈಯಲ್ಲಿದ್ದ ಎಲ್ಲವನ್ನೂ ದೂರಿದೆ. ಅಣ್ಣ ಹೂಂಗುಟ್ಟಿದ. ಬೆಳಿಗ್ಗೆ ನಡೆದೂ ಬಂದ. ಬಚ್ಚಲುಮನೆಯ ಬಾಗಿಲ ಕೆಳಗೆ ಟವೆಲ್ ತುರುಕಿ ಒಳಗೆ ಕುಳಿತು ಊದುತ್ತಾನೆ ಎಂದು ಅತ್ತಿಗೆ ಹೇಳಿದಳು. ಆಮೇಲೊಂದು ದಿನ, ಈಗ ಊದುವುದೇ ಇಲ್ಲ ಎಂದಳು. ಕೇಳಿದರೆ, "ವಯಸ್ಸಾಯ್ತು ಬಿಡೇ," ಎಂದು ಅಣ್ಣ ಆ ಚೆಂದದ ಹಲ್ಲು ತೋರಿಸಿ ನಕ್ಕ.

ಪ್ರಾಕ್ಟೀಸಿಗೆ ಐದು ವಾರ ಉಳಿದಿತ್ತು. ಒಂದು ಮಧ್ಯಾಹ್ನ ಅತ್ತಿಗೆ ಲ್ಯಾಬಿಗೆ ಬಂದಳು. ಹಿಂದೆಂದೂ ಬಂದವಳಲ್ಲ. ಕೈಯಲ್ಲಿ ಕ್ಲಾರಿನೆಟ್ಟಿನ ಕಪ್ಪು ಪೆಟ್ಟಿಗೆ.

"ಇದನ್ನ ಬ್ಯಾಂಡ್ ಆಫೀಸಿಗೆ ವಾಪಸ್ ಕೊಟ್ಟು ಬಾ ಅಂದ್ರು ನಿಮ್ಮಣ್ಣ. ಕಪಾಟಿನ ಕೆಲಸ ಒಪ್ಕೋತೀನಿ ಅಂತ ಚೀಟಿ ಬರೆದು ಒಳಗಿಟ್ಟಿದಾರೆ. ನನ್ನ ಕೈಲಿ ಆಗಲ್ಲ ಕಣೆ. ಬಸ್ಸಿಂದ ಇಳಿದೆ, ಆ ಕಡೆ ಕಾಲೇ ಏಳಲಿಲ್ಲ. ನೀನೇ ಕೊಟ್ಟು ಬಂದ್ಬಿಡು," ಎಂದು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, ಒಂದು ಲೋಟ ನೀರು ಕುಡಿದು ಹೊರಟುಹೋದಳು.

ಕೊಡುವ ಮುಂಚೆ ಒರೆಸಿ ಇಡೋಣವೆಂದು ಪೆಟ್ಟಿಗೆ ತೆರೆದೆ. ಕ್ಲಾರಿನೆಟ್ ಬ್ಯಾಂಡಿನದು, ಆದರೆ ಮೌತ್‌ಪೀಸ್ ಅಣ್ಣನದೇ, ಇಪ್ಪತ್ತಾರು ವರ್ಷದಿಂದ ಒಂದೇ. ಮೇಲೆ ಅಂಟಿಸಿದ್ದ ರಬ್ಬರಿನ ತುಂಡು ಒಣಗಿ ಎದ್ದಿತ್ತು, ಉಗುರಿನಿಂದ ಕಿತ್ತೆ. ಅದರಡಿಯಲ್ಲಿ ಗಟ್ಟಿ ಕಪ್ಪು ರಬ್ಬರಿನ ಮೈಯಲ್ಲಿ ಎರಡು ಗುಳಿಗಳಿದ್ದವು. ಕೆಲಸದ ಅಭ್ಯಾಸ ನೋಡಿ, ಕೈ ತಾನಾಗಿಯೇ ದೀಪವನ್ನು ಹತ್ತಿರಕ್ಕೆಳೆದು ಭೂತಗನ್ನಡಿ ಹಿಡಿಯಿತು. ಎಡಗಡೆಯ ಗುಳಿ ಆಳ, ಓರೆ, ತುದಿಗೆ ಹತ್ತಿರ. ಬಲಗಡೆಯದು ಮೇಲುಮೇಲಿನದು, ಒಂದು ಕಾಳಿನಷ್ಟು ಹಿಂದೆ. ಇಪ್ಪತ್ತಾರು ವರ್ಷ ದಿನಾ ಕಚ್ಚಿ ಕಚ್ಚಿ ಅಣ್ಣನ ಹಲ್ಲು ತನ್ನ ಅಚ್ಚನ್ನು ತಾನೇ ಮೂಡಿಸಿತ್ತು.

ಅಚ್ಚು ಸಿಕ್ಕರೆ ನಾವು ಸುಮ್ಮನೆ ಕೂರುವವರಲ್ಲ. ಮೆತ್ತನೆಯ ಮೇಣ ಒತ್ತಿ ಗುಳಿಗಳ ಪಡಿಯಚ್ಚು ತೆಗೆದೆ. ಎರಡು ಹಲ್ಲಿನ ಅಂಚು ಎದ್ದು ಬಂತು. ಒಂದು ಮುಂದೆ ಬಂದು ತುಸು ಕೆಳಗಿಳಿದದ್ದು, ಇನ್ನೊಂದು ನಾಚಿಕೊಂಡು ಹಿಂದೆ ನಿಂತದ್ದು. ಅಂದು ನನ್ನ ಕೋರ್ಸಿನ ಫಾರಂ ತುಂಬುತ್ತ ಪೆನ್ನು ಕಚ್ಚುತ್ತಿದ್ದ ಅಣ್ಣನ ಬಾಯಿ ಅದು. ಆಮೇಲೆ ನನ್ನ ಕಪಾಟಿನಿಂದ ಅವನ ಈಗಿನ ಸಾಲಿನ ಪ್ರತಿಯನ್ನು ತೆಗೆದು ಮೌತ್‌ಪೀಸ್ ಮೇಲಿಟ್ಟೆ. ಕುಂಟುಕಾಲಿನ ಮೇಜಿನ ಹಾಗೆ ಅತ್ತಿತ್ತ ವಾಲಿತು. ನನ್ನ ಅವಳಿ ಹಲ್ಲುಗಳು ಎರಡೂ ಗುಳಿಗಳಲ್ಲಿ ಕೂರದೆ ನಡುವಿನ ದಿಬ್ಬದ ಮೇಲೆ ನಿಂತು ಜಾರುತ್ತಿದ್ದವು. ಅಣ್ಣನ ಉಸಿರಲ್ಲಿ, ತುಟಿಯಲ್ಲಿ, ರೀಡಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ನನ್ನ ಕೈಕೆಲಸದ್ದು.

ಸಂಜೆ ಪೆಟ್ಟಿಗೆ ಎತ್ತಿಕೊಂಡು ಅಣ್ಣನ ಮನೆಗೆ ಹೋದೆ. ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಸೇಬು ಕಚ್ಚುತ್ತಿದ್ದ. ಪೆಟ್ಟಿಗೆ ನೋಡಿದವನೇ ಹೆಂಡತಿಯ ಕಡೆ ತಿರುಗಿದ. ಅವಳು ಪಾತ್ರೆ ತೊಳೆಯುವುದರಲ್ಲಿ ಮಗ್ನಳಾದಳು.

"ಹಲ್ಲೇ ಸರಿಯಿಲ್ಲ ಅಂತ ಯಾವಾಗಿಂದ ಗೊತ್ತು ನಿನಗೆ?" ಎಂದೆ.

"ಹಲ್ಲು ಚೆನ್ನಾಗಿದೆಯಲ್ಲೇ. ಎರಡು ವರ್ಷ ಆಗಿತ್ತು ಸೇಬು ಹೀಗೆ ಕಚ್ಚಿ ತಿಂದು—"

"ಯಾವಾಗಿಂದ?"

ಅವನು ಸೇಬನ್ನು ಮೇಜಿನ ಮೇಲಿಟ್ಟ. "ಮೊದಲನೇ ದಿನದಿಂದ."

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು ರೋಗ?"

"ಹಲ್ಲು ಕೂರಿಸಿದ ದಿನ ನಿನ್ನ ಮುಖ ನೀನು ನೋಡ್ಕೊಂಡಿಲ್ಲ, ನಾನು ನೋಡಿದೀನಿ," ಎಂದ ಅಣ್ಣ. "ಕೋರ್ಸು ಪಾಸಾದಾಗ ಬೀದಿ ತುದಿಯಿಂದ ಕೂಗ್ಕೊಂಡು ಓಡಿ ಬಂದಿದ್ದೆಯಲ್ಲ, ಅದೇ ಮುಖ. ಅಂಥ ಮುಖದ ಮುಂದೆ ನಿಂತು, ಇದು ಸರಿಯಾಗಿಲ್ಲ ಕಣೇ ಅಂತ ಹೇಗೆ ಹೇಳ್ಲಿ? ಕುರ್ಚಿ ಹೋದ್ರೆ ಹೋಗ್ಲಿ ಅನ್ನಿಸ್ತು. ಯಾರೋ ಒಬ್ರು ಕಪಾಟೂ ನೋಡ್ಕೋಬೇಕಲ್ಲ."

ನನಗೆ ಅಳುವೂ ಬಂತು, ಕೋಪವೂ ಬಂತು. ಕೋಪ ಮುಂದೆ ನುಗ್ಗಿತು. "ಬೆಪ್ಪುತಕ್ಕಡಿ!" ಎಂದೆ. ಅಣ್ಣನನ್ನು ಹಾಗೆ ಬೈದದ್ದು ಅದೇ ಮೊದಲು. "ನಾನು ದಿನಾ ಹತ್ತು ಸಲ ಹಲ್ಲು ತಿದ್ದುತೀನಿ. ತಿದ್ದೋದೇ ನನ್ನ ಕೆಲಸ. ನೀನು ಒಂದು ಮಾತು ಹೇಳಿದ್ರೆ ಮುಗೀತಿತ್ತು. ಅದನ್ನ ಬಿಟ್ಟು ಬಚ್ಚಲಲ್ಲಿ ಟವೆಲ್ ತುರುಕ್ಕೊಂಡು..." ಅಷ್ಟರಲ್ಲಿ ಅಳು ಕೋಪವನ್ನು ಹಿಂದೆ ಹಾಕಿತು. ಅವನು ಎದ್ದು ನೀರು ತಂದುಕೊಟ್ಟ. ನನ್ನ ಜಂಬಕ್ಕೆ ನನ್ನ ಅಣ್ಣ ತನ್ನ ಜೀವವನ್ನು ಬೆಲೆಯಾಗಿ ತೆತ್ತು ಸುಮ್ಮನಿರಲು ಹೊರಟಿದ್ದ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ, ಅಷ್ಟು ಪ್ರೀತಿಯೂ ಬಂದಿರಲಿಲ್ಲ.

"ಮುಂಚೇನೇ ಹೇಳಿದ್ದೆ ನಾನು, ಸೊಟ್ಟ ಇರ್ಲಿ ಅಂತ," ಎಂದ, ನಾನು ಮೂಗು ಒರೆಸಿಕೊಂಡ ಮೇಲೆ, ಮೆಲ್ಲಗೆ.

ಮುಂದಿನ ಶನಿವಾರ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಸೇರಿದೆವು. ನಾನು ನನ್ನ ಪುಟ್ಟ ಮೋಟಾರು, ಅರದ ಮೊನೆಗಳು, ಪ್ಲಾಸ್ಟಿಕ್ಕಿನ ಪುಡಿ, ಅದನ್ನು ಕಲಸುವ ದ್ರಾವಣ, ಎಲ್ಲ ಹೊತ್ತುಕೊಂಡು ಹೋಗಿ ಒಳಕೋಣೆಯ ಕಿಟಕಿ ಬಳಿ ಅಂಗಡಿ ಹರಡಿದೆ. ಡಾಕ್ಟರಮ್ಮ ಮೇಣದ ಅಚ್ಚನ್ನೂ ಮೌತ್‌ಪೀಸನ್ನೂ ತಿರುಗಿಸಿ ತಿರುಗಿಸಿ ನೋಡಿದರು.

"ನಾನು ಇಷ್ಟು ವರ್ಷ ಹಲ್ಲು ನೆಟ್ಟಗೆ ಮಾಡೋಕೆ ಓದಿದ್ದು," ಎಂದರು. "ಸೊಟ್ಟ ಮಾಡೋದನ್ನ ನೀವೇ ಹೇಳಿಕೊಡಿ."

ಅವರು ಸ್ಕ್ರೂ ಬಿಚ್ಚಿ ಸಾಲನ್ನು ನನ್ನ ಕೈಗಿಡುತ್ತಿದ್ದರು. ನಾನು ಎಡಗಡೆಯ ಹಲ್ಲಿಗೆ ಒಂದಿಷ್ಟು ಪ್ಲಾಸ್ಟಿಕ್ ಏರಿಸಿ, ಬಲಗಡೆಯದನ್ನು ಒಂದಿಷ್ಟು ಅರೆದು ಕೊಡುತ್ತಿದ್ದೆ. ಅವರು ಮತ್ತೆ ಬಿಗಿಯುತ್ತಿದ್ದರು. ಅಣ್ಣ ಆ ಒರಗು ಕುರ್ಚಿಯಲ್ಲೇ ನೆಟ್ಟಗೆ ಕುಳಿತು, ಎದೆಯ ಮೇಲಿನ ಬಿಳಿ ಬಟ್ಟೆಯ ಸಮೇತ, ಊದುತ್ತಿದ್ದ. ಮೊದಲನೇ ಸಲ ಬೆಕ್ಕಿನ ಕೂಗು ಹೋಗಿ ಬರೀ ಗಾಳಿ ಬಂತು. "ಎಡಗಡೆ ಜಾಸ್ತಿಯಾಯ್ತು," ಎಂದ. ಒಂದು ಕೂದಲೆಳೆ ತೆಗೆದೆ. ಎರಡನೇ ಸಲ ದನಿ ಬಂತು, ನೆಗಡಿಯಾದವರ ದನಿ. "ಓರೆ ಸಾಲದು. ಇನ್ನೂ ಒಳಕ್ಕೆ ತಿರುಗಬೇಕು." ಮತ್ತೆ ಏರಿಸಿದೆ, ಮತ್ತೆ ಅರೆದೆ. ಅಷ್ಟು ವಾರ ನನ್ನೆದುರು ಬರೀ ಹೂಂಗುಟ್ಟಿದವನು ಈಗ ಕೂದಲೆಳೆಗೂ ತಕರಾರು ತೆಗೆಯುತ್ತಿದ್ದ, ಬೈಯುತ್ತಿದ್ದ, ಕೈಸನ್ನೆ ಮಾಡುತ್ತಿದ್ದ. ನನಗೆ ಅದು ಎಷ್ಟು ಹಿತವಾಗಿತ್ತೆಂದರೆ ಬೇಕೆಂದೇ ಒಂದು ಸಲ ಕಡಿಮೆ ಅರೆದೆ.

ಆರನೇ ಸಲ ಅವನು ಕ್ಲಾರಿನೆಟ್ ತುಟಿಗಿಟ್ಟಾಗಲೇ ಮುಖ ಬದಲಾಯಿತು. ಹಲ್ಲು ಗುಳಿಯಲ್ಲಿ ಕುಳಿತದ್ದು ನನಗೆ ಕಣ್ಣಿಗೇ ಕಂಡಿತು. ಕೆಳಗಿನ ಒಂದು ಸ್ವರವನ್ನು ತೆಗೆದು ಹಿಡಿದ. ದಪ್ಪಗೆ, ಬೆಚ್ಚಗೆ, ಎಲ್ಲೂ ಅಲುಗದೆ ಆ ಸ್ವರ ಕೋಣೆಯನ್ನು ತುಂಬಿತು. ಟ್ರೇಯಲ್ಲಿದ್ದ ಸಣ್ಣ ಕನ್ನಡಿ ಗಿಲಗಿಲ ಎಂದಿತು. ಅವನು ಕಣ್ಣು ಮುಚ್ಚಿಕೊಂಡು ಹಾಡಿನ ಆ ಉದ್ದನೆಯ ಭಾಗವನ್ನು ಕೊನೆಯವರೆಗೆ ಊದಿದ. ಹೊರಗಿನ ಕೋಣೆಯಲ್ಲಿ ಕೆನ್ನೆ ಊದಿಸಿಕೊಂಡು ಸರದಿಗೆ ಕಾದಿದ್ದ ಹೆಂಗಸೊಬ್ಬಳು ಬಾಗಿಲು ತಳ್ಳಿ, "ಇನ್ನೊಂದ್ಸಲ ಊದ್ತೀರಾ?" ಎಂದಳು. ಡಾಕ್ಟರಮ್ಮ ಕೈಗವಸು ಹಾಕಿಕೊಂಡೇ ಕಣ್ಣೊರೆಸಿಕೊಂಡು, ಹಾಗೆ ಮಾಡಬಾರದೆಂದು ನೆನಪಾಗಿ ಕೈಗವಸು ಬದಲಾಯಿಸಿದರು.

"ತಲೆಬುರುಡೆಯೊಳಗೆಲ್ಲ ಕೇಳಿಸ್ತಿದೆ," ಎಂದ ಅಣ್ಣ. "ಮೊದಲು ಇಷ್ಟು ಕೇಳಿಸ್ತಿರಲಿಲ್ಲ."

"ಮೂಳೆಗೇ ಬಿಗಿದಿದೆಯಲ್ಲ, ಅದಕ್ಕೆ," ಎಂದರು ಡಾಕ್ಟರಮ್ಮ.

ಇನ್ನು ಕಾಯಂ ಸಾಲು. ಪ್ಲಾಸ್ಟಿಕ್ಕಾದರೆ ತಿದ್ದಬಹುದು, ಕುಲುಮೆಯಿಂದ ಬಂದ ಸೆರಾಮಿಕ್ಕಿಗೆ ಏನನ್ನೂ ಸೇರಿಸಲಾಗುವುದಿಲ್ಲ. ಹಾಗಾಗಿ ಆ ಸೊಟ್ಟ ಸಾಲನ್ನು ಅಳೆದು ಅಳೆದು, ಉಸಿರು ಬಿಗಿಹಿಡಿದು ನಕಲು ಮಾಡಿದೆ. ಜೀವನದಲ್ಲೇ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಕೈ ಪ್ರತಿ ನಿಮಿಷವೂ ನೆಟ್ಟಗೆ ಮಾಡಲು ಎಳೆಯುತ್ತಿತ್ತು. ಮುಗಿದ ಮೇಲೆ ಹೊಳಪಿಗೆ ಕೊಟ್ಟು, ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ ಪಾಲಿಶ್ ಚಿಕ್ಕಪ್ಪ ಅದನ್ನು ದೀಪಕ್ಕೆ ಹಿಡಿದು ಲೊಚಗುಟ್ಟುತ್ತಿದ್ದರು. ಚಕ್ರ ಆಗಲೇ ತಿರುಗುತ್ತಿತ್ತು.

"ಪಾಪ, ಕಣ್ತಪ್ಪಿಂದ ಒಂದು ಹಲ್ಲು ಕೆಳಗಿಳಿದುಬಿಟ್ಟಿದೆಯಮ್ಮ. ನಾನು ಸರಿಮಾಡಿಬಿಡ್ತೀನಿ, ಯಾರಿಗೂ ಹೇಳಲ್ಲ," ಎಂದರು, ನನ್ನ ಮರ್ಯಾದೆ ಉಳಿಸುವ ದನಿಯಲ್ಲಿ.

ನಾನು ಹಾರಿಬಿದ್ದು ಸ್ವಿಚ್ಚು ಆರಿಸಿದೆ. ಅಂಚಿನಿಂದ ಏನೂ ಹೋಗಿರಲಿಲ್ಲ, ಚಕ್ರಕ್ಕೂ ಹಲ್ಲಿಗೂ ಒಂದು ಬೆರಳಿನ ಅಂತರವಿತ್ತು. ವಿಷಯ ಹೇಳಿದ ಮೇಲೆ ಅವರು ಉಳಿದ ಹಲ್ಲುಗಳಿಗೆ ಹೊಳಪು ಕೊಟ್ಟರು. ಆ ಒಂದನ್ನು ಮುಟ್ಟಲು ಮಾತ್ರ ಒಪ್ಪಲಿಲ್ಲ. "ನನ್ನ ಕೈ ಮೇಲೆ ನನಗೆ ನಂಬಿಕೆಯಿಲ್ಲ, ನೀನೇ ಉಜ್ಜು," ಎಂದರು.

ಪ್ರಾಕ್ಟೀಸಿಗೆ ಮೂರು ದಿನವಿರುವಾಗ ಕಾಯಂ ಸಾಲು ಅಣ್ಣನ ಬಾಯಿ ಸೇರಿತು. ಅತ್ತಿಗೆ ನೋಡಿ, "ಅಯ್ಯೋ, ನಾನು ಮದುವೆಯಾದ ಗಂಡ ವಾಪಸ್ ಬಂದ," ಎಂದಳು. ಅವಳಿಗೆ ಆ ಅವಳಿ ಹಲ್ಲಿನ ಚೆಲುವ ಅಷ್ಟೊಂದು ಹಿಡಿಸಿರಲಿಲ್ಲವೆಂದು ಆಗ ಬಾಯಿಬಿಟ್ಟಳು. ಇಷ್ಟು ಗುಟ್ಟಿನ ಸಂಸಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬ್ಯಾಂಡಿನ ಪ್ರಾಕ್ಟೀಸ್ ನಡೆಯುವುದು ಅಗ್ನಿಶಾಮಕ ಠಾಣೆಯ ಮೇಲಿನ ಉದ್ದ ಹಜಾರದಲ್ಲಿ. ಅತ್ತಿಗೆ ಎದೆ ತಡೆಯುವುದಿಲ್ಲವೆಂದು ಬರಲಿಲ್ಲ. ನಾನು ಕೊನೆಯಲ್ಲಿ, ಡ್ರಮ್ಮುಗಳ ಖಾಲಿ ಪೆಟ್ಟಿಗೆಯೊಂದರ ಮೇಲೆ ಕುಳಿತೆ. ಮೊದಲನೇ ಕುರ್ಚಿಯಲ್ಲಿ ಮೀಸೆ, ಪಕ್ಕದಲ್ಲಿ ಅಣ್ಣ. ಸೆರಾಮಿಕ್ ಬಾಯಿಗೆ ಬಂದು ಮೂರೇ ದಿನ. ಪ್ಲಾಸ್ಟಿಕ್ಕಿಗಿಂತ ನುಣುಪು, ಭಾರ, ತಣ್ಣಗೆ. ಮನೆಯಲ್ಲಿ ಊದಿದ್ದೇನೋ ನಿಜ, ಆದರೆ ಈ ಹಜಾರದಲ್ಲಿ ಮೂವತ್ತು ಜನರ ಮುಂದೆ ಹಲ್ಲು ಒಂದು ಸಲ ಜಾರಿದರೂ ಮುಗಿಯಿತು, ತಿದ್ದಲು ನನ್ನ ಬಳಿ ಇನ್ನೇನೂ ಉಳಿದಿರಲಿಲ್ಲ.

ಬ್ಯಾಂಡ್ ಮಾಸ್ಟರು ಕೋಲಿನಿಂದ ಸ್ಟ್ಯಾಂಡು ತಟ್ಟಿದರು. ಆ ನಿಧಾನದ ಹಾಡು ಶುರುವಾಯಿತು. ಸೋಲೋ ಹತ್ತಿರ ಬಂದಾಗ ಕೋಲು ಮೀಸೆಯನ್ನು ದಾಟಿ ಅಣ್ಣನ ಕಡೆ ತೋರಿಸಿತು.

ಅಣ್ಣ ಊದಿದ. ಮೊದಲ ಸ್ವರಕ್ಕೇ ಹಿಂದಿನ ಸಾಲಿನ ಟ್ರಂಪೆಟ್ಟಿನವರು ತಲೆ ಎತ್ತಿದರು. ನಾನು ಹಲ್ಲು ನೋಡಬೇಕೆಂದು ಬಂದಿದ್ದವಳು, ಐದಾರು ಸ್ವರವಾದ ಮೇಲೆ ನೋಡುವುದನ್ನೇ ಬಿಟ್ಟೆ. ಹೋದ ವರ್ಷ ದನಿ ಕಡಿದಿದ್ದ ಜಾಗ ಬಂತು, ದಾಟಿ ಹೋಯಿತು. ಕೊನೆಯ ಸ್ವರ ಸಣ್ಣಗಾಗುತ್ತ ಆಗುತ್ತ ಯಾವಾಗ ನಿಂತಿತೆಂದು ತಿಳಿಯಲಿಲ್ಲ.

ಬ್ಯಾಂಡ್ ಮಾಸ್ಟರು ಚಪ್ಪಾಳೆ ತಟ್ಟಲಿಲ್ಲ, ಭೇಷ್ ಎನ್ನಲಿಲ್ಲ. "ಹನ್ನೆರಡನೇ ಸಾಲಲ್ಲಿ ಉಸಿರು ಬೇಗ ತಗೊಂಡ್ರಿ," ಎಂದರು. ಹಾಳೆ ತಿರುಗಿಸಿದರು. "ಮುಂದಿನದು."

ಅಷ್ಟೇ. ಅದು ಹೌದೋ ಅಲ್ಲವೋ ನನಗೆ ಅರ್ಥವಾಗಲಿಲ್ಲ. ಅಣ್ಣನಿಗೂ ಆಗಲಿಲ್ಲವೆಂದು ಕಾಣುತ್ತದೆ, ಕ್ಲಾರಿನೆಟ್ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಆಗ ಮೀಸೆ ಎದ್ದು ನಿಂತ. ಕುರ್ಚಿಯ ಬೆನ್ನಿಗೆ ಹಾಕಿದ್ದ ಕೋಟನ್ನು ತೆಗೆದುಕೊಂಡ, ತನ್ನ ನೋಟ್ಸಿನ ಸ್ಟ್ಯಾಂಡನ್ನು ಎತ್ತಿದ, ಅಣ್ಣನ ಪಕ್ಕಕ್ಕೆ ಬಂದು ನಿಂತು, "ಸ್ವಲ್ಪ ಸರೀರಿ," ಎಂದ. ಅಣ್ಣ ಸರಿದು ಮೊದಲನೇ ಕುರ್ಚಿಯಲ್ಲಿ ಕುಳಿತ. ಮೀಸೆ ಎರಡನೆಯದರ ಬೆನ್ನಿಗೆ ಕೋಟು ಹಾಕಿ ಕುಳಿತ. ನಾನು ಡ್ರಮ್ಮಿನ ಪೆಟ್ಟಿಗೆಯ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ, ಪುಣ್ಯಕ್ಕೆ ಮುಂದಿನದು ಮೆರವಣಿಗೆಯ ಹಾಡಾಗಿತ್ತು, ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಪ್ರಾಕ್ಟೀಸ್ ಮುಗಿದದ್ದೇ ಅಣ್ಣನ ಬಳಿ ಓಡಿದೆ. ಅವನು ಕ್ಲಾರಿನೆಟ್ ಬಿಚ್ಚಿ ಒಳಗೆ ಬಟ್ಟೆ ಎಳೆಯುತ್ತಿದ್ದ, ಮುಖ ಸಿಡಿಮಿಡಿ.

"ಹಲ್ಲು ಹೇಗಿತ್ತು?" ಎಂದೆ.

ಅವನು ಅರ್ಥವಾಗದೆ ನನ್ನನ್ನೇ ನೋಡಿದ. "ಯಾವ ಹಲ್ಲು?" ಎಂದ. ನಿಜವಾಗಿಯೂ ಕೇಳಿದ. ಆಮೇಲೆ ನನ್ನ ಉತ್ತರಕ್ಕೂ ಕಾಯದೆ, "ಹನ್ನೆರಡನೇ ಸಾಲಲ್ಲಿ ನಾನು ಉಸಿರೇ ತಗೊಂಡಿಲ್ಲ ಸಾರ್!" ಎಂದು ಕೂಗುತ್ತ ಬ್ಯಾಂಡ್ ಮಾಸ್ಟರ ಹಿಂದೆ ಹೋದ.

ಯಾವ ಹಲ್ಲು! ಇಷ್ಟು ಒಳ್ಳೆಯ ಮಾತನ್ನು ನನಗೆ ಯಾರೂ ಆಡಿರಲಿಲ್ಲ. ಅವರಿಬ್ಬರ ಜಗಳ ಮುಗಿಯಲಿ ಎಂದು ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕುಳಿತೆ.